ನಲವತ್ತು ಮೀಟರಿನ ಕೆಂಪು ಬಟ್ಟೆ

ದೊಡ್ಡ ಭಾವ ಇಪ್ಪತ್ತೇಳು ವರ್ಷ ಕಡಲಿಗೆ ಹಗ್ಗ ಇಳಿಸಿದರು. ಅದೇ ಅವರ ನೌಕರಿ. ಕಡಲ ನೀರಿನ ಬಿಸಿ, ಉಪ್ಪು ಅಳೆಯುವ ಒಂದು ಸರ್ಕಾರಿ ಕಚೇರಿಯಲ್ಲಿ ಅವರದು ಹಗ್ಗದ ಕೆಲಸ, ನಾನು ಬೋಟಿನ ಡ್ರೈವರ್. ಅವರು ನನ್ನ ಹೆಂಡತಿಯ ಅಣ್ಣ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಇದರಿಂದ ಕಚೇರಿಯವರಿಗೆ ತಲೆಕೆಟ್ಟು, ಅವರಿಗೆ ದೊಡ್ಡ ಭಾವ, ನನಗೆ ಸಣ್ಣ ಭಾವ ಎಂದು ಹೆಸರಿಟ್ಟರು. ಗೇಟಿನ ಕಾವಲುಗಾರನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಅವರು ದೊಡ್ಡ ಭಾವ.

"ನನಗೆ ಇಷ್ಟೊಂದು ಜನ ತಂಗಿಯರಿದಾರೆ ಅಂತ ನಮ್ಮಮ್ಮನಿಗೇ ಗೊತ್ತಿರ್ಲಿಲ್ಲ" ಎಂದು ಅವರು ನಗುತ್ತಿದ್ದರು.

ವಾರಕ್ಕೆ ಎರಡು ದಿನ ಬೆಳಿಗ್ಗೆ ಹೊರಡುತ್ತಿದ್ದೆವು. ದಡದಿಂದ ಒಂದು ತಾಸು ಹೋದರೆ ನಮ್ಮ ಜಾಗ. ಅಲ್ಲಿ ಲಂಗರು ಹಾಕಿದ ಹಳದಿ ಡ್ರಮ್ಮೊಂದು ತೇಲುತ್ತಿರುತ್ತದೆ. ನಾನು ಎಂಜಿನ್ ಸಣ್ಣಗೆ ಮಾಡಿ ಅದರ ಪಕ್ಕ ನಿಲ್ಲಿಸಬೇಕು. ದೊಡ್ಡ ಭಾವ ಹಗ್ಗದ ತುದಿಗೆ ಲೋಹದ ಬಾಟಲಿ ಕಟ್ಟಿ ಇಳಿಸುತ್ತಾರೆ. ಬಾಟಲಿಯ ಮಗ್ಗುಲಲ್ಲೇ ಥರ್ಮಾಮೀಟರ್. ಹಗ್ಗದ ಎಳೆಗಳ ನಡುವೆ ಎರಡು ಬಟ್ಟೆಯ ಗುರುತು ಹೊಲಿದಿತ್ತು. ಬಾಟಲಿಯಿಂದ ಇಪ್ಪತ್ತು ಮೀಟರಿಗೆ ಹಳದಿ, ನಲವತ್ತಕ್ಕೆ ಕೆಂಪು. ಕೆಂಪು ಬಟ್ಟೆ ನೀರಿಗೆ ಮುಟ್ಟಿದರೆ ಬಾಟಲಿ ನಲವತ್ತು ಮೀಟರ್ ಕೆಳಗಿದೆ ಎಂದು ಅರ್ಥ. ಆಗ ಹಗ್ಗದ ಗುಂಟ ಒಂದು ಹಿತ್ತಾಳೆ ಗುಂಡನ್ನು ಜಾರಿಬಿಡುತ್ತಾರೆ. ಅದು ಹೋಗಿ ಬಡಿದಾಗ ಬಾಟಲಿಯ ಬಾಯಿ ಮುಚ್ಚುತ್ತದೆ. ಆ ಬಡಿತ ಹಗ್ಗ ಹಿಡಿದ ಬೆರಳಿಗೆ ಗೊತ್ತಾಗುತ್ತದೆ. ಮೇಲೆ ಎಳೆದು, ಥರ್ಮಾಮೀಟರನ್ನು ಕಣ್ಣಿನ ನೇರಕ್ಕೆ ಹಿಡಿದು ಓದಿ, ಪುಸ್ತಕದಲ್ಲಿ ಬರೆಯುತ್ತಾರೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಅಷ್ಟಕ್ಕಷ್ಟೆ. ಅಂಕಿ ಮಾತ್ರ ಅಚ್ಚು ಹಾಕಿದ ಹಾಗೆ.

ಸಾಹೇಬರು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಜೊತೆ ಬೋಟಿಗೆ ಬರುತ್ತಿದ್ದರು. ಆಗ ಅವರಿನ್ನೂ ಮುಖ್ಯಸ್ಥರಾಗಿರಲಿಲ್ಲ. ಬಂದ ದಿನವೆಲ್ಲ ವಾಂತಿ. ದೊಡ್ಡ ಭಾವ ಅವರ ಹಣೆ ಹಿಡಿದುಕೊಂಡು, "ನಾಚಿಕೆ ಮಾಡ್ಕೋಬೇಡಿ ಸಾರ್. ಕಡಲು ಇಷ್ಟು ದಿನ ಮೀನು ಕೊಟ್ಟಿದೆ, ಒಂದಿಷ್ಟು ವಾಪಸ್ ತಗೊಳ್ಲಿ" ಎನ್ನುತ್ತಿದ್ದರು.

ಹೊಟ್ಟೆ ಸರಿಯಿದ್ದ ಒಂದು ದಿನ ಸಾಹೇಬರು ನಮಗೆ ವಿಷಯ ಬಿಡಿಸಿ ಹೇಳಿದರು. ಒದ್ದೆ ಬೆರಳಲ್ಲಿ ಬೋಟಿನ ಹಲಗೆಯ ಮೇಲೆ ಗೆರೆ ಎಳೆದರು.

"ನಾವೀಗ ಇರೋದು ಜಗಲಿ ಮೇಲೆ ಅಂತ ತಿಳ್ಕೊಳ್ಳಿ. ಕಡಲ ತಳ ದಡದಿಂದ ಇಷ್ಟು ದೂರದವರೆಗೆ ಜಗಲಿ ಥರ ಸಮತಟ್ಟು. ಅಂಚು ಬಂತು ಅಂದ್ರೆ ಒಂದೇ ಸಲಕ್ಕೆ ಆಳ. ಆ ಅಂಚಿನ ಗುಂಟ ಒಂದು ದೊಡ್ಡ ಹರಿವು ಹೋಗುತ್ತೆ. ನದಿ ಇದ್ದ ಹಾಗೆ, ಆದ್ರೆ ಯಾವ ನದಿಯೂ ಅಷ್ಟು ದೊಡ್ಡದಲ್ಲ."

"ನದಿ ಅಂದ್ರೆ ದಂಡೆ ಬೇಕಲ್ಲ ಸಾರ್?" ಎಂದರು ದೊಡ್ಡ ಭಾವ.

"ಒಂದು ಕಡೆ ಜಗಲಿಯೇ ದಂಡೆ. ಇನ್ನೊಂದು ಕಡೆ ಏನೂ ಇಲ್ಲ. ಅದಕ್ಕೇ ಅದು ಒಂದೇ ಜಾಗದಲ್ಲಿ ಇರಲ್ಲ. ಕೆಲವು ವರ್ಷ ಜಗಲಿಗೆ ಒತ್ತಿಕೊಂಡು ಜೋರಾಗಿ ಹೋಗುತ್ತೆ. ಆಗ ಆಳದ ತಣ್ಣೀರು ಅಂಚು ಹತ್ತಿ, ಜಗಲಿಯ ತಳದಲ್ಲಿ ಹರಡ್ಕೊಳ್ಳುತ್ತೆ. ಕೆಲವು ವರ್ಷ ಬಳುಕಿ ದೂರ ಹೋಗುತ್ತೆ. ಆಗ ತಳದಲ್ಲೂ ಬೆಚ್ಚನೆ ನೀರು. ಮೀನು ಬರೋದು, ಹೋಗೋದು, ಚಿಪ್ಪು ಬೆಳೆಯೋದು, ಸಾಯೋದು, ಎಲ್ಲ ಅದರ ಮೇಲೆ."

"ಅದು ಹತ್ತಿರ ಬಂತಾ ದೂರ ಹೋಯ್ತಾ ಅಂತ ಗೊತ್ತಾಗೋದು ಹೇಗೆ?"

ಸಾಹೇಬರು ಒದ್ದೆ ಹಗ್ಗದ ಮೇಲೆ ಕೈಯಿಟ್ಟರು. "ಇದರಿಂದ. ಕೆಂಪು ಬಟ್ಟೆಯ ಹತ್ತಿರ ನೀವು ಬರೀತೀರಲ್ಲ, ಆ ಅಂಕಿಯಿಂದ. ಈ ದಡದಲ್ಲೆಲ್ಲ ಬೇರೆ ಯಾರೂ ಅಳೀತಿಲ್ಲ ದೊಡ್ಡ ಭಾವ."

ಆವತ್ತಿನಿಂದ ಅವರು ಆ ಅಂಕಿಗಳನ್ನು ಮನೆಯ ಮಕ್ಕಳ ಹಾಗೆ ನೋಡಿಕೊಂಡರು. ಜ್ವರ ಬಂದರೂ ರಜೆ ಹಾಕಲಿಲ್ಲ. ತಣ್ಣೀರು ಬಂದ ದಿನ ಎಳೆದ ಹಗ್ಗದಿಂದಲೇ ಬೆರಳು ಮರಗಟ್ಟುತ್ತಿತ್ತು. ಆಗ ಅವರು ನನಗೆ ಕೈ ತೋರಿಸಿ, "ಬಂದಿದಾನೆ ನೋಡು ಭಾವ, ಜಗಲಿ ಹತ್ತಿ ಕೂತಿದಾನೆ" ಎನ್ನುತ್ತಿದ್ದರು.

ಬಾಟಲಿಯ ಗಂಟಿನ ಹತ್ತಿರ ಹಗ್ಗ ಬೇಗ ಸವೆಯುತ್ತದೆ. ಮೊದಲ ಹದಿನಾರು ವರ್ಷ ಕೇಳಿದಾಗ ಹೊಸ ಹಗ್ಗ ಬರುತ್ತಿತ್ತು, ಆಮೇಲೆ ಬರಲಿಲ್ಲ. ಹಾಗೆ ಮೊದಲ ಸಲ ಎಳೆ ಬಿಚ್ಚಿಕೊಂಡಾಗ ದೊಡ್ಡ ಭಾವ ಒಂದು ಮೊಳ ಕತ್ತರಿಸಿ ಹೊಸದಾಗಿ ಗಂಟು ಹಾಕಿದರು. ಒಂದು ಮೊಳ ಕತ್ತರಿಸಿದರೆ ಕೆಂಪು ಬಟ್ಟೆಯೂ ಒಂದು ಮೊಳ ಮೇಲಕ್ಕೆ ಹೋಗಬೇಕಲ್ಲ. ಅವರು ಸೂಜಿ ದಾರ ಹಿಡಿದುಕೊಂಡೇ ಸಾಹೇಬರ ರೂಮಿಗೆ ಹೋದರು. ಸಾಹೇಬರು ಆಗಷ್ಟೇ ಮುಖ್ಯಸ್ಥರಾಗಿದ್ದರು.

"ಗುರುತು ಸರಿಸಿದ್ರೆ ಪುಸ್ತಕದಲ್ಲಿ ಬರೀಬೇಕು" ಎಂದರು ಸಾಹೇಬರು. "ಬರೆದ್ರೆ ಕೇಂದ್ರ ಕಚೇರಿಯವರು ಬಂದು ಪರೀಕ್ಷೆ ಮಾಡೋವರೆಗೆ ಬೋಟು ನಿಲ್ಲುತ್ತೆ. ಮೂರು ತಿಂಗಳು ಅಂಕಿ ಇಲ್ಲ. ಬೇಕಾ? ಒಂದು ಮೊಳಕ್ಕೆ ಕಡಲೇನೂ ಬತ್ತಲ್ಲ. ನಾನು ನನ್ನ ಡೈರೀಲಿ ಬರ್ಕೋತೀನಿ. ಹೊಸ ಹಗ್ಗ ಬಂದಾಗ ಎಲ್ಲ ಒಟ್ಟಿಗೆ ಲೆಕ್ಕ ಹಾಕಿ ತಿದ್ದೋಣ."

ಜೇಬಿನಿಂದ ನೀಲಿ ಡೈರಿ ತೆಗೆದು ಬರೆದುಕೊಂಡರು. ಕೆಂಪು ಬಟ್ಟೆ ಇದ್ದಲ್ಲೇ ಉಳಿಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಹೀಗೆ ವರ್ಷಕ್ಕೊಂದು ಸಲ ಒಂದು ಮೊಳ. ಪ್ರತಿ ಸಲವೂ ದೊಡ್ಡ ಭಾವ ಹೋಗಿ ಹೇಳುವರು, ಡೈರಿ ಹೊರಗೆ ಬರುವುದು. ಕತ್ತರಿಸಿದ ತುಂಡನ್ನು ಅವರು ಮನೆಗೆ ಒಯ್ಯುತ್ತಿದ್ದರು. ಬಿಸಾಡುವ ಜಾತಿಯವರಲ್ಲ.

ಹೀಗೆ ಕತ್ತರಿಸಲು ಶುರುವಾದ ಐದನೇ ವರ್ಷ ನನ್ನಿಂದ ಒಂದು ತಪ್ಪಾಯಿತು. ಗಾಳಿ ಜೋರಿತ್ತು, ಬೋಟು ಡ್ರಮ್ಮಿಗೆ ಬಡಿಯುತ್ತದೆಂದು ಅವಸರದಲ್ಲಿ ರಿವರ್ಸ್ ಹಾಕಿದೆ. ಮೇಲೆ ಬರುತ್ತಿದ್ದ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ದೊಡ್ಡ ಭಾವ ನೀರಿಗಿಳಿದು ಬಿಡಿಸಿದರು. ಬಾಟಲಿ ಉಳಿಯಿತು. ಹಗ್ಗ ಅಲ್ಲಲ್ಲಿ ಜಜ್ಜಿಹೋಗಿತ್ತು, ಹನ್ನೆರಡು ಮೊಳ ಒಮ್ಮೆಗೇ ಕತ್ತರಿಸಬೇಕಾಯಿತು. ಸಾಹೇಬರು ಆ ದಿನ ಬೋಟಿನಲ್ಲೇ ಇದ್ದರು. ನನ್ನ ಮುಖ ನೋಡಿ, "ಹೊರಗೆ ಹೇಳೋದು ಬೇಡ, ನಿನ್ನ ಲೈಸೆನ್ಸಿಗೆ ತೊಂದರೆ" ಎಂದರು. ಡೈರಿಯಲ್ಲಿ ಬರೆದುಕೊಂಡರು. ಕತ್ತರಿಸಿದ ಹಗ್ಗವನ್ನು ಕಾಲಲ್ಲಿ ತಳ್ಳಿ ನೋಡಿ, "ಇದರಲ್ಲಿ ನನ್ನ ಮಗಳಿಗೊಂದು ಉಯ್ಯಾಲೆ ಆಗುತ್ತಲ್ಲ ದೊಡ್ಡ ಭಾವ" ಎಂದರು. ದೊಡ್ಡ ಭಾವ ಜಜ್ಜಿದ ಕಡೆಯೆಲ್ಲ ಎಳೆ ಹೆಣೆದು ಗಟ್ಟಿ ಮಾಡಿ, ಮುಂದಿನ ಭಾನುವಾರ ಸಾಹೇಬರ ಹಿತ್ತಲ ಮರಕ್ಕೆ ಉಯ್ಯಾಲೆ ಕಟ್ಟಿಕೊಟ್ಟು ಬಂದರು.

ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ. ಹಗ್ಗ ಗಿಡ್ಡವಾದಷ್ಟೂ ಬಾಟಲಿ ಮೇಲೆ ನಿಲ್ಲುತ್ತದೆ, ಅಂಕಿ ಏರುತ್ತದೆ. ಇದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ. ಸಾಹೇಬರ ರೂಮಿನಲ್ಲಿ ಒಂದು ದಿನ ಗಾಜು ಹಾಕಿದ ಚಿತ್ರವೊಂದು ಬಂದು ಕೂತಿತು. ಅದರಲ್ಲೊಂದು ಗೆರೆ, ಐದನೇ ವರ್ಷದಿಂದ ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗಿತ್ತು. ದೊಡ್ಡ ಹರಿವು ನಮ್ಮ ಜಗಲಿ ಬಿಟ್ಟು ದೂರ ಸರಿದಿದೆ, ಇನ್ನು ತಣ್ಣೀರು ಬರುವುದಿಲ್ಲ ಎಂದು ಅದರ ಅರ್ಥವಂತೆ. ಅದನ್ನು ತೋರಿಸಿ ಅವರು ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿ ಬಂದರು. ಹೆಸರು ಬಂತು. ಆ ಗೆರೆಯ ಮೆಟ್ಟಿಲು ನಾನು ಹಾಕಿದ ರಿವರ್ಸ್. ಹರಿವು ಎಲ್ಲಿಗೂ ಹೋಗಿರಲಿಲ್ಲ.

ದೊಡ್ಡ ಭಾವ ಒಮ್ಮೆ ಕೇಳಿದರು. "ಸಾರ್, ಆ ಗೆರೇಲಿ ಹಗ್ಗದ ಲೆಕ್ಕ ಕಳೆದಿದೀರಾ?"

"ಅದೆಲ್ಲ ನೋಡ್ಕೊಂಡೇ ಮಾಡಿರೋದು" ಎಂದರು ಸಾಹೇಬರು. ದೊಡ್ಡ ಭಾವ ನಂಬಿದರು.

ಸಾಹೇಬರ ಮಾತು ಕೇಳಿ, ಕಡಲಲ್ಲಿ ಹಗ್ಗಕ್ಕೆ ಪೋಣಿಸಿ ಚಿಪ್ಪುಮೀನು ಸಾಕುವವರು ತಮ್ಮ ಸರಗಳನ್ನು ಇನ್ನೂ ಆಳಕ್ಕೆ ಇಳಿಬಿಟ್ಟರು. ಹನ್ನೊಂದನೇ ವರ್ಷ ತಣ್ಣೀರು ಬಂತು. ಸರದ ಕೆಳಗಿನ ಅರ್ಧವೆಲ್ಲ ಸತ್ತು ಬಾಯಿ ಬಿಟ್ಟಿತು. ಅವರು ಬುಟ್ಟಿ ಬುಟ್ಟಿ ನಾರುವ ಚಿಪ್ಪನ್ನು ತಂದು ನಮ್ಮ ಕಚೇರಿಯ ಗೇಟಿನ ಮುಂದೆ ಸುರಿದರು. ಒಬ್ಬ ಹೆಂಗಸು, "ಬರಲ್ಲ ಅಂದವರು ಬಂದು ಇದನ್ನ ಮೂಸಿ ನೋಡ್ಲಿ" ಎಂದು ಕೂಗಿದಳು. ನಾನೇ ನೀರು ಹಾಕಿ ತೊಳೆದೆ. ಎರಡು ದಿನ ವಾಸನೆ ಹೋಗಲಿಲ್ಲ.

ಕೇಂದ್ರ ಕಚೇರಿಯಿಂದ ಬ್ಯಾಟರಿಯ ಯಂತ್ರವೊಂದು ಬಂತು. ಆಳವನ್ನೂ ಬಿಸಿಯನ್ನೂ ತಾನೇ ಬರೆದುಕೊಳ್ಳುತ್ತದೆ. ನಮ್ಮ ಬಾಟಲಿಯ ಪಕ್ಕಕ್ಕೇ ಕಟ್ಟಿ ಇಳಿಸಿದೆವು. ಕೆಂಪು ಬಟ್ಟೆ ನೀರಿಗೆ ಮುಟ್ಟಿತು. ಯಂತ್ರ ಮೂವತ್ತು ಮೀಟರ್ ಎಂದಿತು. ವಿಚಾರಣೆಗೆ ದಿನ ನಿಗದಿಯಾಯಿತು.

ಅದರ ಹಿಂದಿನ ಭಾನುವಾರ ಬೆಳಿಗ್ಗೆ ಸಾಹೇಬರು ದೊಡ್ಡ ಭಾವನ ಮನೆಗೆ ಬಂದರು. ನಾನೂ ಅಲ್ಲಿದ್ದೆ. ದೊಡ್ಡ ಭಾವ ಮುರಿದ ಸ್ಟೂಲಿನ ಕಾಲಿಗೆ ಮೊಳೆ ಹೊಡೆಯುತ್ತಿದ್ದರು. ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಟೀ ತಂದಿಟ್ಟರು.

"ವಿಚಾರಣೆ ಅಂದ್ರೆ ಬರೀ ಕಾಗದ ದೊಡ್ಡ ಭಾವ" ಎಂದರು ಸಾಹೇಬರು. "ನಿಮಗಿನ್ನು ಎರಡು ತಿಂಗಳಿಗೆ ನಿವೃತ್ತಿ. ಹಗ್ಗ ನಾನೇ ಕತ್ತರಿಸಿದೆ, ಯಾರಿಗೂ ಹೇಳ್ಲಿಲ್ಲ ಅಂತ ಒಂದು ಮಾತು ಅಂದುಬಿಡಿ. ನಿಮಗೇನೂ ಆಗದ ಹಾಗೆ ನೋಡ್ಕೋತೀನಿ. ಇವನ ರಿವರ್ಸಿನ ಸುದ್ದಿಯೂ ಮೇಲೆ ಬರಲ್ಲ."

ಹಾಗೆಂದು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ನನ್ನದು ಬಿಡಿ ಸಾರ್" ಎಂದರು ದೊಡ್ಡ ಭಾವ. "ಅಂಕಿಗಳದು ಏನಾಗುತ್ತೆ?"

"ಅಂಕಿಗಳದು ಏನು?"

"ಹನ್ನೊಂದು ವರ್ಷದ್ದು. ಯಾವಾಗ ಎಷ್ಟು ಕತ್ತರಿಸಿದ್ದು ಅಂತ ನಿಮ್ಮ ಡೈರೀಲಿ ಇದೆ. ಇಲ್ಲಿಂದ ಇಲ್ಲೀವರೆಗೆ ನಲವತ್ತಲ್ಲ ಮೂವತ್ತೆಂಟು, ಆಮೇಲೆ ಮೂವತ್ತೆರಡು ಅಂತ ತಿದ್ದಿದ್ರೆ ಎಲ್ಲ ಉಳಿಯುತ್ತೆ. ಬಾಟಲಿ ಸುಳ್ಳು ಹೇಳಿಲ್ಲ ಸಾರ್. ಎಲ್ಲಿ ನಿಂತು ಹೇಳ್ತು ಅನ್ನೋದು ಮಾತ್ರ ತಪ್ಪಾಗಿದೆ. ಅವನ್ನ ಬಿಸಾಕಬಾರದು. ನನಗೆ ಅದೊಂದೇ."

"ಗಲಾಟೆ ತಣ್ಣಗಾಗ್ಲಿ, ನಾನೇ ಕೂತು ತಿದ್ದಿಸ್ತೀನಿ."

"ಮಾತಾಯ್ತಾ?"

"ಮಾತಾಯ್ತು."

ಅವರು ಹೋದಮೇಲೆ ಅಕ್ಕ ಲೋಟ ಎತ್ತಿಕೊಳ್ಳುತ್ತ, "ಬರೆಸ್ಕೋಬೇಕಿತ್ತು" ಎಂದರು.

"ವಾಂತಿ ಮಾಡೋವಾಗ ಹಣೆ ಹಿಡಿದಿದೀನಿ. ಅವರ ಹತ್ತಿರ ಬರೆಸ್ಕೊಳ್ಳೋದಾ?"

"ಹಣೆ ಹಿಡಿದಿದ್ರಿ, ನಾಲಿಗೆ ಹಿಡಿದಿರ್ಲಿಲ್ಲ" ಎಂದು ಅಕ್ಕ ಒಳಗೆ ಹೋದರು.

ವಿಚಾರಣೆಗೆ ಮೂವರು ಬಂದಿದ್ದರು. ಉದ್ದ ಮೇಜು, ಮುಚ್ಚಿಟ್ಟ ನೀರಿನ ಲೋಟಗಳು. ದೊಡ್ಡ ಭಾವ ಕೈಕಟ್ಟಿ ನಿಂತು, "ನಾನೇ ಕತ್ತರಿಸಿದೆ. ಯಾರಿಗೂ ಹೇಳ್ಲಿಲ್ಲ" ಎಂದರು. ಬರೆದುಕೊಂಡು ಸಹಿ ಹಾಕಿಸಿದರು. ನನ್ನನ್ನು, ನಿನಗೆ ಗೊತ್ತಿತ್ತಾ ಎಂದು ಕೇಳಿದರು. "ನನ್ನ ಕಣ್ಣು ಡ್ರಮ್ಮಿನ ಮೇಲಿರುತ್ತೆ ಸಾರ್" ಎಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಉಳಿದ ಎರಡು ತಿಂಗಳು ದೊಡ್ಡ ಭಾವನನ್ನು ಬೋಟಿಗೆ ಹತ್ತಿಸಲಿಲ್ಲ. ಉಗ್ರಾಣದಲ್ಲಿ ಬಾಟಲಿ ತೊಳೆಯಲು ಹಾಕಿದರು. ನಿವೃತ್ತಿಯ ದಿನ ಬಾಟಲಿಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಮನೆಗೆ ಹೋದರು.

ಕಡಲ ಅಂಕಿಗಳನ್ನೆಲ್ಲ ಸೇರಿಸಿ ಕಚೇರಿ ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ಪುಸ್ತಕ ಬಂದಾಗ ನಾನೊಂದು ಪ್ರತಿ ಒಯ್ದು ಕೊಟ್ಟೆ. ಅವರು ನಲವತ್ತು ಮೀಟರಿನ ಅಂಕಿಗಳ ಪುಟಕ್ಕೆ ಹೋಗಿ ಬೆರಳಿಟ್ಟು ನೋಡಿದರು. ಮೊದಲ ಹದಿನಾರು ವರ್ಷ ಇತ್ತು. ಆಮೇಲೆ ಹನ್ನೊಂದು ಸಾಲು ಖಾಲಿ. ಕೆಳಗೆ ಸಣ್ಣ ಅಕ್ಷರ. "ಓದು ಭಾವ" ಎಂದರು. ಓದಿದೆ. ಸಿಬ್ಬಂದಿಯ ಬೇಜವಾಬ್ದಾರಿಯಿಂದಾಗಿ ಈ ಅವಧಿಯ ಅಂಕಿಗಳನ್ನು ಕೈಬಿಡಲಾಗಿದೆ ಎಂದಿತ್ತು.

ಅವರು ಪುಸ್ತಕ ಮುಚ್ಚಿ, "ಇನ್ನೂ ತಿದ್ದಿಲ್ಲ ಅಷ್ಟೆ. ಮುಂದಿನ ವರ್ಷದ್ದರಲ್ಲಿ ಬರುತ್ತೆ" ಎಂದರು.

ಹೊಸದಾಗಿ ಒಬ್ಬರು ಮೇಡಂ ಕಚೇರಿಗೆ ಬಂದಿದ್ದರು. ಹರಿವಿನ ಬಗ್ಗೆ ಓದಿದವರು. ಆ ಹನ್ನೊಂದು ವರ್ಷದಲ್ಲಿ ಹರಿವು ಯಾವಾಗ ಹತ್ತಿರ ಬಂತು, ಯಾವಾಗ ದೂರ ಹೋಯಿತು ಎಂದು ತಿಳಿಯದೆ ಅವರ ಕೆಲಸ ನಿಂತಿತ್ತು. ಹಳೆಯ ಪುಸ್ತಕಗಳಲ್ಲಿ ದೊಡ್ಡ ಭಾವನ ಕೈಬರಹದ ಅಂಕಿ ನೋಡಿ, "ಹೀಗೆ ಬರೆಯೋರು ಬೇಜವಾಬ್ದಾರಿ ಆಗಿರಕ್ಕೆ ಸಾಧ್ಯವಾ?" ಎಂದು ನನ್ನನ್ನು ಕೇಳಿದರು. ನಾನು ಅವರನ್ನು ಮನೆಗೆ ಕರೆದುಕೊಂಡು ಹೋದೆ.

ದೊಡ್ಡ ಭಾವ ಮೊದಲು ಬಾಯಿ ಬಿಡಲಿಲ್ಲ. ಅಕ್ಕನೇ ಎದ್ದು ಮನೆಯೆಲ್ಲ ತೋರಿಸಿದರು. ಗೇಟಿನ ಚಿಲಕಕ್ಕೆ ಒಂದು ತುಂಡು ಹಗ್ಗ. ಟ್ರಂಕಿನ ಹಿಡಿಗೆ ಒಂದು. ಬಚ್ಚಲ ಬಕೆಟ್ಟಿಗೆ ಒಂದು. ಕಿಟಕಿಯ ಬಾಗಿಲು ಬಡಿಯದ ಹಾಗೆ ಒಂದು. ಒಟ್ಟು ಒಂಬತ್ತು.

"ಬೇರೆಯವರ ಗಂಡಂದಿರು ಕೆಲಸದಿಂದ ಬರ್ತಾ ಏನೇನೋ ತರ್ತಾರೆ. ನನ್ನ ಗಂಡ ವರ್ಷಕ್ಕೊಂದು ಮೊಳ ಹಗ್ಗ ತಂದ್ರು" ಎಂದರು ಅಕ್ಕ. ಮೇಡಂ ಟೇಪು ಹಿಡಿದು ಅಳೆದರು. ಅಕ್ಕ ಒಂದೊಂದಕ್ಕೂ ತಿಂಗಳು ಹೇಳಿದರು. ಟ್ರಂಕಿನದು ಮಗಳ ಮದುವೆಯ ಹಿಂದಿನ ತಿಂಗಳು. ಬಕೆಟ್ಟಿನದು ಅತ್ತೆಯ ಕಾಲು ಮುರಿದಾಗ.

"ಇವೆಲ್ಲ ಸೇರಿಸಿದ್ರೂ ಹತ್ತು ಮೀಟರ್ ಆಗಲ್ಲ. ದೊಡ್ಡ ತುಂಡು ಎಲ್ಲಿದೆ?" ಎಂದು ಮೇಡಂ ಕೇಳಿದರು. "ಉದ್ದ ನಾನು ಲೆಕ್ಕ ಹಾಕಿ ತೆಗೀಬಹುದು. ಅದನ್ನ ಯಾವ ವರ್ಷ ಕತ್ತರಿಸಿದ್ದು ಅನ್ನೋದಕ್ಕೆ ಸಾಕ್ಷಿ ಬೇಕು. ಅದಿಲ್ಲದೆ ಉಳಿದದ್ದು ನಿಲ್ಲಲ್ಲ."

ಆಗ ದೊಡ್ಡ ಭಾವ ಉಯ್ಯಾಲೆಯ ವಿಷಯ ಹೇಳಿದರು. "ನಾನೇ ಹೋಗಿ ಕೇಳ್ತೀನಿ. ಅವರು ಇಲ್ಲ ಅನ್ನಲ್ಲ. ಡೈರಿಯೂ ಕೊಡ್ತಾರೆ."

ಮಾರನೇ ದಿನ ಸಂಜೆ ನಾವಿಬ್ಬರೂ ಸಾಹೇಬರ ಮನೆಗೆ ಹೋದೆವು. ಹಿತ್ತಲ ಗೇಟು ತೆರೆದಿತ್ತು. ಮರದ ಕೊಂಬೆಯಲ್ಲಿ ಹಗ್ಗ ಉಜ್ಜಿದ ಎರಡು ಗಾಯ ಇತ್ತು. ಒಳಗಿನ ಬಿಳಿ ಇನ್ನೂ ಕಾಣುತ್ತಿತ್ತು. ಕೂರುವ ಹಲಗೆ ಗೋಡೆಗೆ ಒರಗಿತ್ತು. ಹಗ್ಗ ಇರಲಿಲ್ಲ. ಸಾಹೇಬರ ಮಗಳು, ಈಗ ಹದಿನಾಲ್ಕು ಹದಿನೈದರ ಹುಡುಗಿ, ಓದುತ್ತ ಮೆಟ್ಟಿಲ ಮೇಲೆ ಕೂತಿದ್ದಳು.

"ಉಯ್ಯಾಲೆ ಎಲ್ಲಮ್ಮಾ?"

"ಅಪ್ಪ ಬಿಚ್ಚಿಸಿಬಿಟ್ರು ಮಾಮ. ವಿಚಾರಣೆ ಅಂತ ಯಾರೋ ಬಂದಿದ್ರಲ್ಲ, ಆ ವಾರ. ನಾನು ಬೇಡ ಅಂದೆ, ಕೇಳ್ಲಿಲ್ಲ. ಸುಟ್ಟುಹಾಕಿದ್ರು."

ಆ ವಾರ ಎಂದರೆ, ಟೀ ಕುಡಿದು ಮಾತು ಕೊಟ್ಟುಹೋದ ವಾರ.

ಸಾಹೇಬರು ಹೊರಗೆ ಬಂದರು. ಮಗಳನ್ನು ಒಳಗೆ ಕಳಿಸಿದರು.

"ಸಾರ್, ಡೈರಿ" ಎಂದರು ದೊಡ್ಡ ಭಾವ.

"ಯಾವ ಡೈರಿ?"

"ನೀಲಿದು. ಹಗ್ಗದ ಲೆಕ್ಕ ಬರ್ಕೋತಿದ್ರಲ್ಲ."

"ನನಗೆ ನೆನಪಿಲ್ಲ ದೊಡ್ಡ ಭಾವ. ನೀವೇ ಸಹಿ ಹಾಕಿದೀರಲ್ಲ, ಯಾರಿಗೂ ಹೇಳಿಲ್ಲ ಅಂತ. ಈಗ ಕೆದಕಿದ್ರೆ ನಿಮ್ಮ ಮೇಲೇ ಬರುತ್ತೆ. ವಯಸ್ಸಾಯ್ತು, ಮನೇಲಿ ಆರಾಮಾಗಿರಿ."

ದೊಡ್ಡ ಭಾವ ಮರದ ಕಡೆ ತಿರುಗಿದರು. ಬೈಯಲಿಲ್ಲ. "ಕೊಂಬೆಗೆ ಒಂಚೂರು ಸಗಣಿ ಮಣ್ಣು ಮೆತ್ತಿಸಿ, ಇಲ್ಲಾಂದ್ರೆ ಒಣಗುತ್ತೆ" ಎಂದರು. ಬಂದೆವು. ದಾರಿಯುದ್ದಕ್ಕೂ ಅವರು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒತ್ತಿಕೊಳ್ಳುತ್ತಿದ್ದರು, ತಣ್ಣೀರಿನ ಹಗ್ಗ ಎಳೆದ ದಿನ ಮಾಡುತ್ತಿದ್ದ ಹಾಗೆ.

ಮೇಡಂ ಸುಮ್ಮನಿರಲಿಲ್ಲ. ಒಂಬತ್ತು ತುಂಡಿನ ಲೆಕ್ಕ, ದೊಡ್ಡ ಭಾವನ ಹೇಳಿಕೆ ಎಲ್ಲ ಸೇರಿಸಿ ಕೇಂದ್ರ ಕಚೇರಿಗೆ ಬರೆದರು. ಉತ್ತರ ಬೇಗ ಬಂತು. ಈ ವ್ಯಕ್ತಿ ಹಿಂದೆ ಬೇರೆ ರೀತಿ ಹೇಳಿ ಸಹಿ ಹಾಕಿದ್ದಾನೆ, ಆದ್ದರಿಂದ ಈಗಿನ ಮಾತನ್ನು ಪರಿಗಣಿಸಲಾಗುವುದಿಲ್ಲ. ಸಾಹೇಬರನ್ನು ಉಳಿಸಲು ಆಡಿದ ಒಂದು ಮಾತು ಹನ್ನೊಂದು ವರ್ಷವನ್ನು ನುಂಗಿತು.

ಪತ್ರ ಓದಿ ಹೇಳಿದ ದಿನ ದೊಡ್ಡ ಭಾವ ಊಟ ಬಿಟ್ಟು ಎದ್ದರು. "ಹಗ್ಗ ಸವೆಯುತ್ತೆ ಅಂತ ಗೊತ್ತಿತ್ತು. ಮಾತು ಸವೆಯುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ" ಎಂದರು. ಅಷ್ಟೇ ನಾನು ಕೇಳಿದ್ದು. ಸಾಹೇಬರ ಸುದ್ದಿ ಮತ್ತೆ ಎತ್ತಲಿಲ್ಲ.

ನನಗಿನ್ನೂ ನಾಲ್ಕು ವರ್ಷ ಸರ್ವೀಸಿತ್ತು. ಎರಡು ವಾರ ಯೋಚನೆ ಮಾಡಿದೆ. ಹೆಂಡತಿಯನ್ನು ಕೇಳಿದೆ. "ಅಣ್ಣ ನಿಮಗೋಸ್ಕರಾನೂ ಬಾಯಿ ಮುಚ್ಕೊಂಡ ಅಲ್ವಾ" ಎಂದಳು. ಮೇಡಂ ಹತ್ತಿರ ಹೋಗಿ ಹೇಳಿ ಬರೆಸಿದೆ. ಐದನೇ ವರ್ಷ, ಇಂಥ ತಿಂಗಳು, ರಿವರ್ಸ್ ಹಾಕಿದ್ದು ನಾನು. ಹಗ್ಗ ಕತ್ತರಿಸಿದಾಗ ಸಾಹೇಬರು ಬೋಟಿನಲ್ಲಿದ್ದರು. ಡೈರಿಯಲ್ಲಿ ಬರೆದುಕೊಂಡಿದ್ದನ್ನು ನಾನು ನೋಡಿದ್ದೇನೆ. ಕೆಳಗೆ ಸಹಿ ಹಾಕಿದೆ.

ಹತ್ತೇ ದಿನದಲ್ಲಿ ನನ್ನನ್ನು ಬೋಟಿನಿಂದ ಇಳಿಸಿ ಗೇಟಿಗೆ ಹಾಕಿದರು. ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಪುಸ್ತಕದ ಹನ್ನೊಂದು ಸಾಲು ಖಾಲಿಯೇ ಇದೆ.

ದೊಡ್ಡ ಭಾವನಿಗೆ ಮೊದಲು ಹೇಳಿರಲಿಲ್ಲ. ಗೇಟಿಗೆ ಹಾಕಿದ ಮೇಲೆ ಹೇಳಲೇಬೇಕಾಯಿತು. ಅವರು ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು.

"ತಲೆ ಕೆಟ್ಟಿದೆಯಾ ನಿನಗೆ? ಬೋಟು ಬಿಟ್ಟು ಗೇಟು ಕಾಯ್ತೀಯಾ?"

"ಕಾಯ್ತೀನಿ ಭಾವ."

ಅವರು ಬೀಡಿ ಆರಿಸಿದರು.

"ಪ್ರೊಪೆಲ್ಲರಿಗೆ ಸಿಕ್ಕಿದ್ದು ಎಷ್ಟು ಅಂತ ಬರೆಸಿದೆ?"

"ಹನ್ನೆರಡು ಮೊಳ."

"ಹನ್ನೆರಡೂವರೆ. ಹೊಸ ಗಂಟಿಗೆ ಅರ್ಧ ಮೊಳ ಹೋಗಿತ್ತು. ನಾಳೆ ಹೋಗಿ ಸರಿ ಮಾಡಿಸು."